ಚಕ್ಕೋತದ ಬುಡದ ಜಾಯಿಂಟು

"ಪ್ಲಾಸ್ಟಿಕ್ ಮುಚ್ಚಳದೊಳಗೆ ಅಂಟು ತುಂಬಿಬಿಟ್ರೆ ನೀರು ಹೆದರಿ ಓಡಿಹೋಗತ್ತಾ?" ಎಂದು ಗೊಣಗುತ್ತ ಕಾಮ್ ವೆಂಗ್ ಕೊಳದ ದಂಡೆಯಲ್ಲಿ ಕುಕ್ಕರಿಸಿದ. ನಾಳೆ ಹೊಸ ವರ್ಷದ ಊಟಕ್ಕೆ ಬಂಧುಬಳಗವೆಲ್ಲ ಬರುವುದಿತ್ತು. ಇವತ್ತು ನೋಡಿದರೆ ನೀರೊಳಗಿನ ಎರಡು ದೀಪ ಹೊತ್ತುತ್ತಿಲ್ಲ.

ಇಪೋ ಪೇಟೆಯಲ್ಲಿ ಜೀವಮಾನವೆಲ್ಲ ವೈರಿಂಗ್ ಮಾಡಿ ಸವೆದ ಕೈ ಅವನದು. ಈಚೆಗೆ ಬಲಗೈ ನಡುಗುತ್ತದೆ. ಅದಕ್ಕೇ ಕೋಯಿ ಮೀನಿನ ಕೊಳಕ್ಕೆ ದೀಪ ಹಾಕುವ ಕೆಲಸವನ್ನು ಹೆಂಡತಿ ಯೋಕ್ ಮೋಯ್ ಇವನನ್ನೊಂದು ಮಾತೂ ಕೇಳದೆ ಅಳಿಯ ಚೀ ಕಿಯಾಂಗನಿಗೆ ಒಪ್ಪಿಸಿದ್ದಳು. ಹನ್ನೆರಡು ವೋಲ್ಟಿನ ದೀಪ, ಮಕ್ಕಳ ಆಟಿಕೆಯಂಥದು. ಅದಕ್ಕೂ ತಾನು ಬೇಡವಾದೆನೇ ಎಂದು ಅವನಿಗೆ ಹೊಟ್ಟೆ ಉರಿದಿತ್ತು. ಜಗಳವಾಡಿ, ಚಕ್ಕೋತದ ಮರದ ಬುಡದಲ್ಲಿ ಹೂತ ವೈರಿನ ಒಂದು ಜಾಯಿಂಟನ್ನು ತಾನೇ ಮಾಡಿದ್ದ: ಬೆಸುಗೆ ಹಾಕಿ, ರಬ್ಬರ್ ಟೇಪು ಸುತ್ತಿ, ಮೇಲೆ ಕರಿ ಟೇಪು. ಮಿಕ್ಕ ಜಾಯಿಂಟುಗಳಿಗೆಲ್ಲ ಅಳಿಯನ ಅಂಟು ತುಂಬಿದ ಪ್ಲಾಸ್ಟಿಕ್ ಮುಚ್ಚಳಗಳು. ಅಂದಿನಿಂದ ಮನೆಗೆ ಯಾರೇ ಬರಲಿ, ಆ ಮರ ತೋರಿಸದೆ ಕಳಿಸಿದವನಲ್ಲ. ಕೈ ನಡುಗಿದರೇನು, ಕೆಲಸ ನಡುಗಿಲ್ಲ ಎನ್ನುತ್ತಿದ್ದ.

"ಸಂಜೆ ಅಳಿಯ ಬರ್ತಾನಲ್ಲ, ಅವನೇ ನೋಡ್ಲಿ ಬಿಡಿ," ಎಂದಳು ಯೋಕ್ ಮೋಯ್ ಬಾಗಿಲಿನಿಂದ.

"ಅವನು ಮಾಡಿದ್ದೇ ಕೆಟ್ಟಿರೋದು, ಅವನೇನು ನೋಡ್ತಾನೆ? ಮೊದಲು ನನ್ನ ಜಾಯಿಂಟನ್ನ ಅಗೆದಿಡ್ತೀನಿ. ಬಂದು ನೋಡಿ ಕಲೀಲಿ."

"ಅದನ್ನ ಯಾಕೆ ಕೆದಕ್ತೀರಿ? ಸುಮ್ನಿರಬಾರ್ದಾ?"

ಅವಳ ದನಿ ಯಾಕೋ ಸಣ್ಣಗಾಗಿತ್ತು. ಅವನು ಕೇಳದೆ ಮರದ ಬುಡದ ಮಣ್ಣು ಬಗೆದ.

ಗೇಣು ಆಳದಲ್ಲಿ ಕೇಬಲ್ ಸಿಕ್ಕಿತು. ಕರಿ ಟೇಪು ಇರಲಿಲ್ಲ. ಅಳಿಯನ ಮುಚ್ಚಳವಿತ್ತು. ಒಳಗೆ ತಿಳಿಯಾದ ಅಂಟು, ಅದರ ನಡುವೆ ಹೊಳೆಯುವ ತಾಮ್ರ. ಒಂದು ಹನಿ ನೀರಿಲ್ಲ.

"ನಿಮ್ಮ ಟೇಪಿನೊಳಗೆ ಮೂರನೇ ದಿನಕ್ಕೇ ನೀರು ನುಗ್ಗಿತ್ತು," ಎಂದಳು ಯೋಕ್ ಮೋಯ್. "ನೀವು ಆಸ್ಪತ್ರೆಗೆ ಹೋಗಿದ್ರಿ. ನಾನೇ ಅವನಿಗೆ ಹೇಳಿ ಬದಲಾಯಿಸ್ದೆ."

"ಮತ್ತೆ ನಾನು ಊರಿಗೆಲ್ಲ ತೋರಿಸ್ತಿದ್ನಲ್ಲ. ಒಳಗೊಳಗೇ ನಗ್ತಿದ್ರಾ?"

"ಯಾರೂ ನಗ್ಲಿಲ್ಲ."

ನಕ್ಕಿದ್ದರೆ ವಾಸಿಯಿತ್ತು. ಕನಿಕರಪಟ್ಟಿದ್ದರು.

ಸಂಜೆ ಚೀ ಕಿಯಾಂಗ್ ಹೊಸ ದೀಪಗಳನ್ನು ಹಿಡಿದೇ ಬಂದ. "ಜಾಯಿಂಟಿಗೇನೂ ಆಗಿರಲ್ಲ ಮಾವ, ಬಲ್ಬೇ ಹೋಗಿರ್ಬೇಕು," ಎನ್ನುತ್ತಿದ್ದವನು ಮರದ ಬುಡದ ಗುಂಡಿ ನೋಡಿ ನಿಂತುಬಿಟ್ಟ.

ಕಾಮ್ ವೆಂಗ್ ತಲೆಯೆತ್ತಲಿಲ್ಲ. "ನನ್ನ ಟೇಪು ಬಿಚ್ಚೋಕೆ ಒದ್ದಾಡಿದ್ಯೇನೋ?" ಎಂದು ಕೇಳಿದ. ಅಷ್ಟಾದರೂ ಬಿಗಿಯಾಗಿತ್ತು ಅನ್ನಲಿ ಎಂಬ ಆಸೆ.

"ಇಲ್ಲ ಮಾವ," ಎಂದ ಅಳಿಯ, ಸಮಾಧಾನ ಹೇಳುವವನಂತೆ. "ತುದಿ ಮಡಚಿಟ್ಟಿದ್ರಲ್ಲ, ಹಿಡಿದೆಳೆದ ಕೂಡ್ಲೇ ಬಂತು."

ಟೇಪಿನ ತುದಿ ಮಡಚುವುದನ್ನು ಕಾಮ್ ವೆಂಗನಿಗೆ ಅವನ ಗುರು ಬೈದು ಕಲಿಸಿದ್ದ. ಮುಂದೆ ಬಿಚ್ಚುವವನು ಉಗುರಿನಿಂದ ಪರಚುವಂತಾಗಬಾರದು. ನಡುಗುವ ಬೆರಳಲ್ಲೂ ಅದೊಂದನ್ನು ಅವನು ತಪ್ಪದೆ ಮಾಡಿದ್ದ.

ಅವನು ಅಳಿಯನ ಜಾಯಿಂಟನ್ನು ಗುಂಡಿಯಲ್ಲಿ ಮಲಗಿಸಿ, ಎಡಗೈಯಿಂದ ಅದರ ಮೇಲೆ ಮಣ್ಣು ಎಳೆಯತೊಡಗಿದ.