ಗ್ರಾಫಿನ ಬಾಲ

ಕಿಟಕಿಯಿಲ್ಲದ ಆ ಕೋಣೆಯಲ್ಲಿ ಅವಳಿಗೆ ಅದು ಆರನೆಯ ವರ್ಷ. ರಕ್ತನಾಳಕ್ಕೆ ಚುಚ್ಚಿದ ಬಣ್ಣ ರಕ್ತದೊಡನೆ ಹೇಗೆ ಸಾಗುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಹಿಡಿಯುವುದು ಅವಳ ಪಿಎಚ್.ಡಿ. ಸಂಶೋಧನೆ. ಅವಳ ಗೈಡ್ ಹಿಂದೆಯೇ ಬರೆದಿದ್ದ ಸೂತ್ರದಲ್ಲಿ ರಕ್ತ ನಲ್ಲಿಯ ನೀರಿನಂತೆ ಒಂದೇ ಸಮ ಹರಿಯುತ್ತಿತ್ತು. ಊರಿನ ಆಸ್ಪತ್ರೆಯಲ್ಲೂ ಅದೇ ಬಳಕೆಯಲ್ಲಿತ್ತು; ಬಣ್ಣದ ಏರಿಳಿತ ತೋರಿಸುವ ಗ್ರಾಫಿನ ಕೊನೆಯ ಭಾಗವನ್ನು ಅಲ್ಲಿ ಬೇಡವೆಂದು ಕತ್ತರಿಸುತ್ತಿದ್ದರು. ಅವಳು ಎದೆಬಡಿತವನ್ನೂ ಸೇರಿಸಿ ನೋಡಿದಳು. ಪ್ರತಿ ಬಡಿತದ ಕೊನೆಗೆ ರಕ್ತ ಒಂದಿಷ್ಟು ಹಿಂದಕ್ಕೆ ಸರಿಯಿತು. ನಾಳದ ಗೋಡೆ ಉಬ್ಬಿದ ಕಡೆ ಬಣ್ಣ ಸಿಕ್ಕಿಬಿದ್ದು, ಬಡಿತಕ್ಕೊಮ್ಮೆ ಚೂರುಚೂರೇ ಹೊರಬಂತು. ಅವಳ ಗ್ರಾಫಿಗೆ ಉದ್ದನೆಯ, ನಡುಗುವ ಬಾಲ ಮೂಡಿತು.

"ಗ್ರಾಫಲ್ಲಿ ಅಂಥ ಬಾಲ ಬಂದ್ರೆ ಅದು ಯಂತ್ರದ ದೋಷ, ಕತ್ತರಿಸಿಬಿಡಮ್ಮ," ಎಂದರು ಗೈಡ್. "ನನ್ನ ಸೂತ್ರನೇ ಸುಳ್ಳು ಮಾಡಿ, ನನ್ನ ಹತ್ರನೇ ಸಹಿ ಕೇಳ್ತೀಯಾ?"

ಅವರ ಸಹಿಯಿಲ್ಲದೆ ಪದವಿಯಿಲ್ಲ. ಬೇರೆ ಗೈಡ್ ಹುಡುಕಿದರೆ ಮತ್ತೆ ಮೊದಲಿನಿಂದ ಶುರು. ಅವಳು ಪ್ರಬಂಧದಿಂದ ಬಾಲ ಕತ್ತರಿಸಿದಳು.

ಆ ವಾರವೇ ತಲೆನೋವೆಂದು ಹೋದ ಅಕ್ಕನಿಗೆ ಆಸ್ಪತ್ರೆಯಲ್ಲಿ ಬಣ್ಣ ಚುಚ್ಚುವ ಅದೇ ಪರೀಕ್ಷೆಯಾಯಿತು. "ಎಲ್ಲಾ ಸರಿ ಇದೆಯಂತೆ ಕಣೆ," ಎಂದು ಅಕ್ಕ ವರದಿಯನ್ನು ಅವಳ ಕೈಗಿಟ್ಟಳು. ಗ್ರಾಫು ಹನ್ನೆರಡನೆಯ ಸೆಕೆಂಡಿಗೆ ಚಾಕುವಿನಿಂದ ಕೊಯ್ದಂತೆ ನಿಂತಿತ್ತು. ಅವಳು ವರದಿಯನ್ನು ಮಡಿಚಿ ತನ್ನ ಚೀಲಕ್ಕೆ ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಅವಳು ಅಕ್ಕನನ್ನು ಪರೀಕ್ಷಿಸಿದ ವೈದ್ಯೆಯ ಮುಂದೆ ಕೂತಿದ್ದಳು.

"ಅಕ್ಕನ ಪೂರ್ತಿ ಗ್ರಾಫು ನಿಮ್ಮ ಕಂಪ್ಯೂಟರಲ್ಲಿ ಇರುತ್ತಲ್ಲ ಮೇಡಂ, ಅದನ್ನೊಮ್ಮೆ ತೆಗೀರಿ."

"ಕೊನೇ ಭಾಗ ಬೇಡ ಅಂತ ನಿಮ್ಮ ಗೈಡೇ ಹೇಳಿರೋದು."

"ಹೌದು. ನಾನೂ ಹೂಂ ಅಂದಿದೀನಿ. ಆದ್ರೂ ತೆಗೀರಿ."

ಪರದೆಯ ಮೇಲೆ ಬಾಲ ಮೂಡಿತು, ಅಕ್ಕನ ನಾಡಿಯ ಲಯಕ್ಕೆ ನಡುಗುತ್ತ. ವೈದ್ಯೆ ಫೋನೆತ್ತಿ ಸ್ಕ್ಯಾನಿಂಗ್ ಕೋಣೆಗೆ ಕರೆಮಾಡಿದರು. ಮಿದುಳಿನ ನಾಳವೊಂದರಲ್ಲಿ ಬಟಾಣಿ ಗಾತ್ರದ ಉಬ್ಬು ಸಿಕ್ಕಿತು.

ಮೂರನೆಯ ದಿನ ಶಸ್ತ್ರಚಿಕಿತ್ಸೆಯಾಗಿ ಅಕ್ಕ ಉಳಿದಳು. ಬೋಳಿಸಿದ ತಲೆ ಸವರಿಕೊಂಡು, "ಬಾಚೋ ಕೆಲಸ ತಪ್ಪಿತು ಬಿಡೆ," ಎಂದಳು. ತಂಗಿಗೆ ನಗು ಬರಲಿಲ್ಲ. ಅಕ್ಕನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಆಸ್ಪತ್ರೆ ಆ ಸೂತ್ರವನ್ನು ಕೈಬಿಟ್ಟಿತು. ಗೈಡ್ ಕೂಗಾಡಲಿಲ್ಲ. ಬಾಲ ಸೇರಿಸಿ ಅವಳು ತಿದ್ದಿ ಬರೆದ ಪ್ರಬಂಧವನ್ನು ಮೇಜಿನ ಖಾನೆಗೆ ಹಾಕಿ, "ನಿಧಾನವಾಗಿ ಓದ್ಬೇಕು, ನೋಡೋಣ," ಎಂದರು. ತಿಂಗಳು ಕಳೆದರೂ ಖಾನೆ ತೆರೆಯಲಿಲ್ಲ. ಪಕ್ಕದ ಮೇಜಿನವರು ಅವಳನ್ನು ಚಹಾಕ್ಕೆ ಕರೆಯುವುದನ್ನೂ ಬಿಟ್ಟರು. ಕೆಲಸ ಬಿಡುವಂತಿಲ್ಲ, ಮುಗಿಯುವಂತೆಯೂ ಇಲ್ಲ. ಒಂದು ದಿನ ವೈದ್ಯೆ ಹಳೆಯ ರೋಗಿಗಳ, ಕತ್ತರಿಸದ ಇನ್ನೂರು ಗ್ರಾಫುಗಳನ್ನು ಕಳಿಸಿ, "ಬಿಡುವಾದಾಗ ನೋಡಿ," ಎಂದರು. ಅವಳಿಗೆ ಬಿಡುವಿಗೇನೂ ಬರವಿರಲಿಲ್ಲ. ಒಂದೊಂದನ್ನೇ ತೆರೆದು ಕೂತಳು. ವಾರ ಮುಗಿಯುವಷ್ಟರಲ್ಲಿ, ಗ್ರಾಫಿನಲ್ಲಿ ಬಾಲ ಕಂಡ ಇನ್ನಿಬ್ಬರಿಗೆ ಆಸ್ಪತ್ರೆಯಿಂದ ಕರೆ ಹೋಯಿತು.