ದ್ರಾಕ್ಷಿ ಪುಸ್ತಕದ ಎರಡು ಪುಟ

ಯಲಹಂಕದ ಕಡೆ ದ್ರಾಕ್ಷಿ ಬೆಳೆಯುವವರಿಗೆ ಬೂಷ್ಟಿನ ಕಾಟ ಹೊಸದಲ್ಲ. ಎಲೆಗೆ ಬೂಷ್ಟು ಬಂದರೆ ಮೈಲುತುತ್ತು ಎಂಬ ನೀಲಿ ಪುಡಿ, ಸುಣ್ಣ ಎರಡನ್ನೂ ನೀರಿಗೆ ಕಲಸಿ ಹೊಡೆಯಬೇಕು. ಕೋಗಿಲಿನ ಮುನಿವೆಂಕಟಮ್ಮ ಆ ವರ್ಷ ಸುಣ್ಣ ಹಾಕಲಿಲ್ಲ. "ಹೊಸ ಪುಡಿ, ಸುಣ್ಣ ಬೇಡ" ಎಂದು ಬರೀ ಮೈಲುತುತ್ತನ್ನೇ ಕೊಟ್ಟವನು ಯಶವಂತಪುರದ ಅಂಗಡಿಯ ಪಿಳ್ಳಪ್ಪ. ಸುಣ್ಣವಿಲ್ಲದ ಆ ಖಾರಕ್ಕೆ ಎಲೆಗಳೆಲ್ಲ ಕರಕಾಗಿ ತೋಟ ಸುಟ್ಟುಹೋಯಿತು. ಆಕೆ ಅವನ ಮೇಲೆ ದಾವೆ ಹೂಡಿದಳು.

ಆಕೆಯ ವಕೀಲ ದಾಸಪ್ಪ. ಹೆಬ್ಬಾಳದ ಚನ್ನಕೇಶವನೊಂದಿಗೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಚನ್ನಕೇಶವ ದ್ರಾಕ್ಷಿ ಬೆಳೆಯ ಮೇಲೆ ಪುಸ್ತಕ ಬರೆದಿದ್ದ. ಅಚ್ಚಾದಾಗ ನಾಯಿಯೂ ಮೂಸಿ ನೋಡಿರಲಿಲ್ಲ. ಈಗ ಬೀದಿಯೆಲ್ಲ ಒಂದೇ ಮಾತು: ದಾಸಪ್ಪನವರು ಕೋರ್ಟಿನಲ್ಲಿ ಏನು ಓದಿದರಂತೀರಿ, ಜಡ್ಜರೇ ತಲೆದೂಗಿದರಂತೆ.

ಓದಿದ್ದು, ಸುಣ್ಣವಿಲ್ಲದ ಮೈಲುತುತ್ತು ಎಲೆ ಸುಡುತ್ತದೆ ಎಂದು ಚನ್ನಕೇಶವ ಬರೆದಿದ್ದ ಎರಡು ಪುಟ. ದಾಸಪ್ಪ ಅದನ್ನು ಟೈಪು ಮಾಡಿಸಿ ಕೋರ್ಟಿಗೂ ಕೊಟ್ಟಿದ್ದ. ತಲೆಬರಹ ಮಾತ್ರ, "ತಿಳಿದವರೊಬ್ಬರ ಪುಸ್ತಕದಿಂದ".

ಯಾರಾದರೂ ದಾಸಪ್ಪನ ಹೆಸರೆತ್ತಿದರೆ ಚನ್ನಕೇಶವನ ಎದೆಯೊಳಗೆ ಮೆಣಸಿನಕಾಯಿ ಹುರಿದ ಘಾಟು. ಬೆವರು ತನ್ನದು, ಶಾಲು ಅವನದು.

ಇಂಥ ಹೊತ್ತಿನಲ್ಲೇ ಪಿಳ್ಳಪ್ಪ ಹಣ್ಣಿನ ಬುಟ್ಟಿ ಹಿಡಿದು ಬಂದ.

"ನಿಮ್ ಬರವಣಿಗೇನ ಹಗಲುಹೊತ್ತೇ ಕದ್ದಿದಾನಲ್ಲ ಸ್ವಾಮಿ. ಒಂದು ನೋಟೀಸ್ ಕೊಡಿ. ಆ ಹಾಳೆ ಕೋರ್ಟಿಂದ ವಾಪಸ್ ತಗೊಳ್ಲಿ. ಖರ್ಚು ನಂದು."

ಚನ್ನಕೇಶವ ಅಂಗಿ ಹಾಕಿಕೊಂಡು ನೇರ ಪಕ್ಕದ ಬೀದಿಯ ಹಬೀಬುಲ್ಲಾ ಸಾಹೇಬರ ಮನೆಗೆ ಹೋದ. ಅವರು ವಕೀಲಿ ಬಿಟ್ಟಿದ್ದರೂ ಕಾನೂನು ಬಿಟ್ಟಿರಲಿಲ್ಲ.

"ಕಳ್ಳತನಕ್ಕೆ ನೋಟೀಸ್ ಬರೆದುಕೊಡಿ ಸಾಹೇಬ್ರೆ."

ಅವರು ಎಲ್ಲ ಕೇಳಿಸಿಕೊಂಡು ನಕ್ಕರು. "ಕಳ್ಳತನ ಎಲ್ಲಿಂದ ಬಂತು ಕಣಪ್ಪಾ? ಐವತ್ತೇಳರ ಕಾಪಿರೈಟ್ ಕಾಯಿದೇಲೇ ಇದೆ. ಕೋರ್ಟಿನ ವ್ಯವಹಾರಕ್ಕೆ ಅಂತ ಅಚ್ಚಾದ ಪುಸ್ತಕದಿಂದ ನಕಲು ಮಾಡಿದ್ರೆ ತಪ್ಪಲ್ಲ. ನಿನ್ ಅಪ್ಪಣೆ ಬೇಕಿಲ್ಲ."

"ಹಂಗಾದ್ರೆ ನಾಳೆ ಪುಸ್ತಕಾನೇ ನಕಲು ಮಾಡಿ ಮಾರ್ತಾನೆ."

"ಮಾರ್ಲಿ ನೋಡೋಣ, ಆಗ ನಾನೇ ನೋಟೀಸ್ ಬರೀತೀನಿ. ಅದು ಬೇರೆ, ಇದು ಬೇರೆ. ಓದಿಕೊಳ್ಳೋಕೆ, ವಿಮರ್ಶೆ ಬರಿಯೋಕೆ ಅಗತ್ಯ ಇರೋಷ್ಟು ಎತ್ಕೊಂಡ್ರೂ ತಪ್ಪಿಲ್ಲ. ವಿಮರ್ಶೇಲಿ ಮಾತ್ರ ಬರೆದವರ ಹೆಸರು ಹೇಳ್ಬೇಕು."

"ನನ್ನ ಹೆಸರು ಹೇಳ್ಲಿಲ್ಲ ಅವನು."

"ಅದು ಸರಿ ಅಲ್ಲ. ಹೆಸರಿಲ್ಲದ ಹಾಳೇನ ಎದುರು ವಕೀಲ ಊದಿ ಹಾರಿಸ್ತಾನೆ. ಹೋಗಿ ಕೇಳು." ಅವರು ಕನ್ನಡಕ ತೆಗೆದರು. "ಅಂದಹಾಗೆ, ನೋಟೀಸ್ ಕೊಡೋ ಬುದ್ಧಿ ನಿನ್ನದೇನಾ?"

ಚನ್ನಕೇಶವನಿಗೆ ಪಿಳ್ಳಪ್ಪನ ಹಣ್ಣಿನ ಬುಟ್ಟಿ ನೆನಪಾಯಿತು. ಆ ಎರಡು ಪುಟ ಹೋದರೆ ಮುನಿವೆಂಕಟಮ್ಮನ ಕೈಯಲ್ಲಿ ಉಳಿಯುವುದು ಸುಟ್ಟ ಎಲೆ ಮಾತ್ರ. ಅದು ಅವನಿಗಿಂತ ಮೊದಲು ಪಿಳ್ಳಪ್ಪನಿಗೆ ತಿಳಿದಿತ್ತು.

ಸಂಜೆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ದಾಸಪ್ಪನ ಬಾಗಿಲಿಗೆ ಹೋದ.

"ಯಾಕೋ ನನ್ನ ಹೆಸರು ನುಂಗಿದೆ?"

ದಾಸಪ್ಪ ಮೇಜಿನ ಕಾಗದ ಜೋಡಿಸುತ್ತಲೇ ಹೇಳಿದ. "ಸ್ಕೂಲಲ್ಲೂ ಮೇಷ್ಟ್ರು ನಿನ್ನ ಪ್ರಬಂಧವನ್ನೇ ಓದ್ತಿದ್ರು. ಈಗ ಪುಸ್ತಕ ಬೇರೆ. ನಾನು ಬಾಯಿ ನೋಯೋ ಹಂಗೆ ವಾದ ಮಾಡೋದು, ಕೊನೆಗೆ ಜನ ನಿನ್ನ ಹೊಗಳೋದಾ ಅನ್ನಿಸ್ತು ಕಣೋ. ಅದಕ್ಕೇ ಬಿಟ್ಟೆ."

ಚನ್ನಕೇಶವನಿಗೆ ನಗು ಬಂತು, ಹೊಟ್ಟೆಯುರಿ ಮಾತ್ರ ಪೂರ್ತಿ ಆರಲಿಲ್ಲ. ಪುಸ್ತಕ ಮೇಜಿನ ಮೇಲಿಟ್ಟ. "ಇಡೀ ಪುಸ್ತಕ ತೋರಿಸು. ಹೆಸರು, ಪುಟ ಎರಡೂ ಹೇಳು."

ಮುಂದಿನ ವಾಯಿದೆಯಲ್ಲಿ ಪಿಳ್ಳಪ್ಪನ ವಕೀಲ, "ಇದು ಯಾವ ತಿಳಿದವರ ಮಾತು?" ಎಂದು ಹಂಗಿಸಿದ. ದಾಸಪ್ಪ ಪುಸ್ತಕ ಎತ್ತಿ ಕೊಟ್ಟು ಗಟ್ಟಿಯಾಗಿ ಗೆಳೆಯನ ಹೆಸರು ಹೇಳಿದ. ತೀರ್ಪು ಮುನಿವೆಂಕಟಮ್ಮನ ಕಡೆ ಆಯಿತು.

ಹೊರಗೆ ಜನ ದಾಸಪ್ಪನನ್ನೇ ಮುತ್ತಿಕೊಂಡರು. ಚನ್ನಕೇಶವ ದೂರ ನಿಂತಿದ್ದ. ಮುನಿವೆಂಕಟಮ್ಮ ಮಾತ್ರ ಗುಂಪು ಸೀಳಿಕೊಂಡು ಅವನ ಹತ್ತಿರ ಬಂದಳು.

"ಪುಸ್ತಕ ಬರೆದೋರು ನೀವೇನಾ ಸ್ವಾಮಿ? ಬಳ್ಳಿ ಇಂಗೆ ಸುಟ್ಟದೆ. ಬುಡದ ತನಕ ಸವರಿದ್ರೆ ಚಿಗುರ್ತದಾ, ಅದೂ ಬರ್ದಿದೀರಾ?"

"ಬರೆದಿದ್ದೀನಮ್ಮ. ಬನ್ನಿ, ತೋಟ ನೋಡೋಣ."

ಓದುವವರೇ, ನಿಮ್ಮ ನ್ಯಾಯಕ್ಕೆ ಬಲ ಕೊಡುವ ಮಾತು ಯಾವುದೋ ಪುಸ್ತಕದಲ್ಲಿದ್ದರೆ ಹೆದರಬೇಡಿ, ವಕೀಲರಿಗೆ ತೋರಿಸಿ. ಕೋರ್ಟಿಗಾಗಿ ನಕಲು ಮಾಡುವುದು ಕಳ್ಳತನವಲ್ಲ. ಅಪ್ಪಣೆಯಿಲ್ಲದೆ ಅಚ್ಚು ಹಾಕಿ ಮಾರುವುದು ಕಳ್ಳತನ. ಬರೆದವರ ಹೆಸರನ್ನು ಬಾಯಿತುಂಬ ಹೇಳಿ. ನೀವೇ ಬರೆದವರಾದರೆ, ನಿಮ್ಮ ಮಾತು ಇನ್ನೊಬ್ಬರ ಬಾಯಲ್ಲಿ ಕೇಳಿ ಹೊಟ್ಟೆ ಉರಿದಾಗ, ಆ ಮಾತನ್ನು ತಡೆದರೆ ಯಾರ ತೋಟ ಒಣಗುತ್ತದೆ ಎಂದು ಮೊದಲು ವಿಚಾರಿಸಿ.