ಟಣ್ ಎನ್ನದ ಗುಂಡು

ಆಳಂದದ ಮಸೂದನ ಬಂದೂಕು ರಿಪೇರಿ ಅಂಗಡಿಯಲ್ಲಿ ಶಿವಪ್ರಕಾಶ ಕೂತಲ್ಲಿ ಕೂಡಲಾರ, ನಿಂತಲ್ಲಿ ನಿಲ್ಲಲಾರ. ಚುನಾವಣೆ ಬಂದಿತ್ತು. ಲೈಸೆನ್ಸಿನ ಪಿಸ್ತೂಲನ್ನು ಸಂಜೆಯೊಳಗೆ ಠಾಣೆಗೆ ಒಪ್ಪಿಸಬೇಕು. ನೋಡಿದರೆ ಹಿಡಿಕೆಯ ಒಂದು ಬದಿ ಸೀಳಿ ಅಲುಗಾಡುತ್ತಿದೆ, ಅದರ ಸ್ಕ್ರೂ ಬಗ್ಗಿ ಕಚ್ಚಿಕೊಂಡಿದೆ. ಮನೆಯಲ್ಲೇ ಬಿಚ್ಚಲು ಹೋಗಿ, ಟ್ರ್ಯಾಕ್ಟರಿನ ಸ್ಕ್ರೂಡ್ರೈವರಿನಿಂದ ಅದರ ತಲೆಯನ್ನೂ ಸವೆಸಿಟ್ಟಿದ್ದ ಪುಣ್ಯಾತ್ಮ. ಆತುರಗಾರನಿಗೆ ಬುದ್ಧಿ ಮಟ್ಟ.

ಕಣ್ಣಿನ ಡಾಕ್ಟರರಿಗೆ ತೋರಿಸಲೆಂದು ನಿಂಬರ್ಗಾದಿಂದ ಅವನ ಜೊತೆ ಬಂದಿದ್ದ ತಾಯಿ ಸುಭದ್ರಾಬಾಯಿ ಬಾಗಿಲ ಬಳಿ ಕೂತಿದ್ದಳು.

"ಸ್ಲೈಡ್ ಹಿಂದಕ್ಕ ಸರೀವಲ್ದು ಸಾವ್ಕಾರ್ರ. ಪೂಜಾದ ಕುಂಕುಮ, ಎಣ್ಣಿ ಕೂಡಿ ಗಟ್ಟಿ ಆಗ್ಯಾವ," ಎಂದ ಮಸೂದ. "ನಳಿಗಿ ಒಳಗ ಗುಂಡು ಉಳದದೇನು ನೋಡದ ಕೈ ಹಚ್ಚಬಾರ್ದು. ನಾಳಿ ಬರ್ರಿ."

"ನಾಳಿ ಅಂದ್ರ ಲೈಸೆನ್ಸ್ ಹೋಗ್ತದೋ ಮಾರಾಯ! ಮ್ಯಾಗಝೀನ್ ನಿನ್ನ ಮುಂದನ ತಗದೇನಿ. ಖಾಲಿ ಅದ. ಸ್ಕ್ರೂ ಹೊಡದು ತಗಿ."

ದೊಡ್ಡವರ ಮಾತು. ಮಸೂದ ಮನಸ್ಸಿಲ್ಲದ ಮನಸ್ಸಿನಿಂದ ಪಿಸ್ತೂಲನ್ನು ಮೇಜಿನ ಮೇಲಿನ ಇಕ್ಕಳದಂಥ ವೈಸಿಗೆ ಬಿಗಿದು, ಸಣ್ಣ ಉಳಿ, ಸುತ್ತಿಗೆ ಎತ್ತಿಕೊಂಡ. ಶಿವಪ್ರಕಾಶ ಎದುರಿಗೆ ಬಾಗಿ ಮೊಬೈಲಿನ ಬೆಳಕು ಹಿಡಿದ. ನಳಿಗೆಯ ಬಾಯಿ ನೇರ ಅವನ ಎದೆಗಿತ್ತು.

ಖಾಲಿ ಎಂದದ್ದು ಕೇಳಿ ಸುಭದ್ರಾಬಾಯಿಗೆ ಮಾನಮಿ ನೆನಪಾಯಿತು. ಬರಿದಾದದ್ದನ್ನು ದೇವರ ಮುಂದೆ ಇಡಬಾರದೆಂದು ಅವಳ ಗಂಡ ಮಾನಮಿಯ ದಿನ ಆಯುಧಗಳಿಗೆ ಮಾಡುವ ಖಂಡೆ ಪೂಜೆಗೆ ಪಿಸ್ತೂಲಿನ ನಳಿಗೆಗೆ ಒಂದು ಗುಂಡು ಏರಿಸಿಯೇ ಇಡುತ್ತಿದ್ದ. ಪೂಜೆ ಮುಗಿದೊಡನೆ ಸ್ಲೈಡ್ ಎಳೆದರೆ ಗುಂಡು ಹಿತ್ತಾಳೆ ತಟ್ಟೆಗೆ ಟಣ್ ಎಂದು ಬೀಳುತ್ತಿತ್ತು. ಆ ಸಪ್ಪಳವಾದ ಮೇಲೇ ಹೆಂಗಸರು ಅಡುಗೆಮನೆಯಿಂದ ಹೊರಗೆ ಬರುವುದು. ಗಂಡ ತೀರಿಕೊಂಡ ಮೇಲೆ ಈ ಸಲದ್ದೇ ಮೊದಲ ಮಾನಮಿ. ಅಪ್ಪ ಮಾಡಿದಂತೆಯೇ ಮಗನೂ ಗುಂಡು ಏರಿಸಿದ್ದ.

ಆದರೆ ಈ ಸಲ ತಟ್ಟೆ ಸದ್ದು ಮಾಡಿತ್ತೇ?

ಸುತ್ತಿಗೆ ಮೇಲೆದ್ದಿತು.

"ತಡಿಯೋ ಮಸೂದ!"

"ಸುಮ್ಮ ಕೂಡವ್ವ. ಕಣ್ಣ ಕಾಣಂಗಿಲ್ಲ, ನಿನಗ ಪಿಸ್ತೂಲ್ ಏನ್ ತಿಳೀತದ?" ಎಂದ ಶಿವಪ್ರಕಾಶ.

"ಕಣ್ಣ ಹೋಗ್ಯಾವ, ಕಿವಿ ಅದಾವ. ಮಾನಮಿ ದಿನ ತಟ್ಟಿ ಟಣ್ ಅನ್ಲಿಲ್ಲಲೇ!"

ಎಂದವಳೇ ಎದ್ದು, ಮಗನ ಅಂಗಿ ಹಿಡಿದು ಪಕ್ಕಕ್ಕೆ ಎಳೆದಳು. ಮಸೂದ ಸುತ್ತಿಗೆ ಕೆಳಗಿಟ್ಟ. ವೈಸನ್ನು ಮರಳಿನ ಚೀಲದ ಕಡೆ ತಿರುಗಿಸಿ, ಸಂದಿಗೆಲ್ಲ ಎಣ್ಣೆ ಬಿಟ್ಟ. ಕಾದು, ಎರಡೂ ಕೈಯಿಂದ ಎಳೆದ. ಜಗ್ಗಲಿಲ್ಲ. ಮತ್ತೆ ಎಣ್ಣೆ ಬಿಟ್ಟು, ಹಲ್ಲು ಕಚ್ಚಿ ಎಳೆದ. ಸ್ಲೈಡ್ ಕರಕರ ಎನ್ನುತ್ತ ಹಿಂದೆ ಸರಿಯಿತು. ಕುಂಕುಮ ಮೆತ್ತಿದ ಗುಂಡೊಂದು ಹಾರಿ ತಗಡಿನ ಡಬ್ಬಿಗೆ ಬಿತ್ತು.

ಟಣ್.

ಮಸೂದ ಹಣೆಯ ಬೆವರು ಒರೆಸಿಕೊಂಡ.

"ಸಾವ್ಕಾರ್ರ, ಈ ಹಿಡಿಕಿ ಒಡದದ್ದರ ಹ್ಯಾಂಗ್ರಿ?"

ಶಿವಪ್ರಕಾಶ ಕೈಯಲ್ಲಿದ್ದ ಮೊಬೈಲನ್ನೇ ನೋಡುತ್ತಿದ್ದ. ಪರದೆಯ ಮೇಲೆ ಅವನ ಪುಟ್ಟ ಮಗಳು ಬಸವೇಶ್ವರಿ ಹೊಸ ಲಂಗ ತೊಟ್ಟು, ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದು ನಗುತ್ತಿದ್ದಳು. ಪೂಜೆ ಮುಗಿದೊಡನೆ ಅವನೇ ಕೈಗೆ ಕೊಟ್ಟು ತೆಗೆದ ಫೋಟೊ. ಅದಾದ ಮರುಕ್ಷಣವೇ ಭಾರ ತಾಳದೆ ಮಗು ಅದನ್ನು ಪರಸಿಕಲ್ಲಿನ ನೆಲದ ಮೇಲೆ ಬೀಳಿಸಿತ್ತು.

ಅವನು ಅಲ್ಲೇ ನೆಲದ ಮೇಲೆ ಕುಸಿದು ಕೂತು, "ಅವ್ವಾ, ಬಸವಿ..." ಎಂದ.

ಸುಭದ್ರಾಬಾಯಿ ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. ಅಂದು ಪಿಸ್ತೂಲು ಬಿದ್ದ ಸಪ್ಪಳಕ್ಕೆ ಪಡಸಾಲೆಯಲ್ಲಿ ಎಲ್ಲರೂ ನಕ್ಕಿದ್ದರು. ಅಡುಗೆಮನೆಯಲ್ಲಿ ಹೋಳಿಗೆ ತಟ್ಟುತ್ತಿದ್ದ ತಾನೂ ನಕ್ಕಿದ್ದಳು.